ಬದುಕಿದ್ದವರಿಗೆ ಓಂ ಶಾಂತಿ

ದಿನಾ ಟಿ. ನರಸೀಪುರದಲ್ಲಿ ನಂಜನಗೂಡಿನ ಬಸ್ಸು ಹತ್ತಿ ಶಾಲೆಗೆ ಹೋಗುವ ಮೇಷ್ಟ್ರು ನಾನು. ಅಂದು ಬೆಳಿಗ್ಗೆ ದಾರಿಯಲ್ಲಿ ಮುಂದೆ ಯಾರಿಗೋ ಅಪಘಾತವಾಗಿ ಬಸ್ಸು ನಿಂತಿತು. ಮೊಪೆಡ್ಡಿನ ಪಕ್ಕ ಒಬ್ಬರು ಬೋರಲು ಬಿದ್ದಿದ್ದರು, ಪಂಚೆ ಕಳಚಿತ್ತು. ಇಳಿದು ಓಡಿದವರು ನಾಲ್ಕೈದು ಜನ, ಫೋನೆತ್ತಿದವರು ಬಸ್ಸು ತುಂಬ. ನಾನೂ ಕಿಟಕಿಯಿಂದಲೇ ಒಂದು ಫೋಟೊ ತೆಗೆದು ಶಾಲೆಯ ಗ್ರೂಪಿಗೆ ಹಾಕಿದೆ. ಅಷ್ಟಕ್ಕೆ ಸುಮ್ಮನಿದ್ದೆನೇ? ಕೆಳಗೆ ‘ಓಂ ಶಾಂತಿ’ ಎಂದೂ ಬರೆದೆ. ಮಕ್ಕಳ ಕಾಗುಣಿತ ತಿದ್ದುವವನು, ಸೊನ್ನೆಯನ್ನು ಸರಿಯಾಗಿಯೇ ಇಟ್ಟಿದ್ದೆ. ಬಿದ್ದವರಿಗೆ ಉಸಿರಿದೆಯೇ ಎಂದು ಮಾತ್ರ ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ಹೆಡ್ ಮೇಡಂ ಫೋನ್ ಮಾಡಿದರು. “ಮೇಷ್ಟ್ರೇ, ಮೊದ್ಲು ಅದನ್ನ ಅಳಿಸಿ! ನಮ್ಮ ಬಿಸಿಯೂಟದಮ್ಮನ ಯಜಮಾನ್ರು ಕಣ್ರೀ ಅವ್ರು. ಬದುಕಿದ್ದಾರೆ, ಆಸ್ಪತ್ರೆಯಿಂದ ಈಗ ಫೋನ್ ಬಂತು. ಆಯಮ್ಮ ಇನ್ನೂ ಒಳಗೆ ಅಕ್ಕಿ ತೊಳೀತಾ ಇದ್ದಾರೆ.”

ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ‘ಸ್ವಲ್ಪ ಹುಷಾರಿಲ್ಲವಂತೆ, ಬಾ’ ಎಂದು ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ನೀರು ಕುಡಿಸಿ ಆಮೇಲೆ ಹೇಳುತ್ತಾರೆ. ಆ ಸುಳ್ಳಿಗಿರುವ ಮರ್ಯಾದೆ ನನ್ನ ಫೋಟೊಕ್ಕೆ ಇರಲಿಲ್ಲ.

ಅಳಿಸಿದೆ. ಅಷ್ಟರಲ್ಲಿ ಅದು ಇನ್ನೆರಡು ಗ್ರೂಪಿಗೆ ಹೋಗಿತ್ತು. ಕಳಿಸಿದವರಿಗೆಲ್ಲ ಫೋನ್ ಮಾಡಿ ಅಳಿಸಿ ಎಂದು ಕಾಡಿದೆ, ಒಬ್ಬರ ಮೇಲಂತೂ ರೇಗಿಬಿಟ್ಟೆ. ಅದು ನನ್ನ ಮೇಲೆ ನನಗೇ ಇದ್ದ ಸಿಟ್ಟು. ಮೇಡಂ ಉಪಾಯವಾಗಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದರು. ಆಕೆಯ ಕಣ್ಣಿಗೆ ಫೋಟೊ ಬೀಳಲಿಲ್ಲವೆಂದು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ತಿಂಗಳ ಮೇಲೆ ಆಕೆ ಕೆಲಸಕ್ಕೆ ಮರಳಿದಾಗ ಅಡುಗೆಕೋಣೆಗೆ ಹೋಗಿ, ಫೋಟೊ ಹಾಕಿದವನು ನಾನೇ, ತಪ್ಪಾಯಿತು ಎಂದೆ.

“ಗೊತ್ತು ಸಾ. ಮಗಳು ಕಾಲೇಜಲ್ಲಿ ನೋಡ್ಬುಟ್ಳು. ಅಪ್ಪ ಓಗ್ಬುಟ್ರು ಅಂತ ಅತ್ಕೊಂಡು ಓಡ್ಬಂದ್ಳು. ಓಂ ಶಾಂತಿ ಎಲ್ರೂ ಆಕುದ್ರಿ. ಬದುಕವ್ರೆ ಅಂತ ಒಬ್ರೂ ಆಕ್ಲಿಲ್ವಲ್ಲ ಸಾ.”

ನನ್ನ ಕೈ ಜೇಬಿನ ಫೋನಿಗೆ ಹೋಯಿತು.

“ಬ್ಯಾಡಿ ಸಾ. ಇನ್ನು ಅವ್ರ ಸುದ್ದಿ ಎಲ್ಲೂ ಆಕ್ಬ್ಯಾಡಿ. ಮನೆಗೆ ಬಂದು ನೋಡ್ಕಂಡು ಓಗಿ.”

ಆ ಭಾನುವಾರವೇ ಹೆಮ್ಮರಗಾಲದ ಅವರ ಮನೆಗೆ ಹೋದೆ. ನಾಚಿಕೆಯಿಂದ ಜಗಲಿಯ ಕೆಳಗೇ ನಿಂತೆ. ಯಜಮಾನರು ವಾಕರ್ ಹಿಡಿದು ಎದ್ದು ಬಂದು, ನನ್ನ ಕೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು.

“ಬಡ್ಕತಾ ಅದಾ ನೋಡಿ ಮೇಷ್ಟ್ರೇ” ಎಂದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಗಳೂ ನಕ್ಕಳು. ನನಗೆ ಮಾತ್ರ ಅಳು ಬಂತು.