ಮಸ್ಕತ್ತಿನಲ್ಲಿ ಅಳತೆ ರವಿಕೆ

ನಮ್ಮ ಮಗ ಹರೀಶನ ಅಂಗಡಿ ಉಳಿಯಿತು! ಸೊಸೆ, ಮೊಮ್ಮಗಳು ಗಂಟುಮೂಟೆ ಕಟ್ಟಿ ಊರಿಗೆ ಬರಬೇಕಾಗಿಲ್ಲ. ಮೊದಲು ಇದನ್ನು ಹೇಳದೆ ಬರೆಯುವ ಕೈ ಮುಂದೆ ಓಡುವುದಿಲ್ಲ.

ಮಂಗಳೂರಿನಿಂದ ಹೊರಟ ವಿಮಾನ ಮೂರು ಗಂಟೆಯಲ್ಲಿ ಮಸ್ಕತ್ ಮುಟ್ಟಿತು. ಹೊರಗೆ ಬೆಳಿಗ್ಗೆ ಎಂಟಕ್ಕೇ ಒಲೆಯ ಮುಂದೆ ಕೂತಂಥ ಸೆಕೆ. ಮಗನ ಮನೆಯಿರುವ ಅಲ್ ಮಬೇಲಾಕ್ಕೆ ಕಾರಿನಲ್ಲಿ ಅರ್ಧ ಗಂಟೆ. ಬಿಳಿ ಮನೆಗಳು, ಬೋಳು ಗುಡ್ಡಗಳು ಹಿಂದೆ ಸರಿದವು. ಕಾರು ಓಡಿಸುತ್ತಿದ್ದ ಮಗನ ಮುಖ ಮಾತ್ರ ಬಾಡಿತ್ತು.

ಮರುದಿನ ಅಂಗಡಿಯಲ್ಲಿ ವಿಷಯ ತಿಳಿಯಿತು. ಹರೀಶ ಸೈನಿಕರ ಸಮವಸ್ತ್ರ ಹೊಲಿಯುವವನು. ಈ ಸಣ್ಣ ದೇಶ ತನ್ನ ಸೈನ್ಯವನ್ನು ಹೊಸದಾಗಿ ಕಟ್ಟುತ್ತಿದೆ, ಹೆಂಗಸರಿಗೂ ಹೊಸ ಕೆಲಸಗಳನ್ನು ಕೊಡುತ್ತಿದೆ. ಭೂಕಂಪ, ನೆರೆ ಬಂದಲ್ಲಿಗೆ ಬೇರೆ ದೇಶಗಳ ಜೊತೆ ನೆರವಿಗೆ ಹೋಗುತ್ತೇವೆಂದು ಮಾತು ಕೊಟ್ಟಿದೆಯಂತೆ. ಹಾಗೆ ಹೊರಡುವ ಮೂವತ್ತು ಹೆಂಗಸರ ಬಟ್ಟೆ ಇವನ ಪಾಲಿಗೆ ಬಂದಿತ್ತು. ಸೈನ್ಯದವರು ಕೊಟ್ಟ ಅಳತೆಪಟ್ಟಿ ನೋಡಿ ಹೊಲಿದ. ಎಲ್ಲವೂ ವಾಪಸು: ಭುಜ ಜೋಲು, ಸೊಂಟ ಬಿಗಿ. ಪಟ್ಟಿ ಗಂಡಸರ ಮೈಗೆ ಮಾಡಿದ್ದು! ಇನ್ನೊಮ್ಮೆ ತಪ್ಪಿದರೆ ಅಂಗಡಿ ಮುಚ್ಚುವುದೇ ಎಂದು ಕಫೀಲ್, ಅಂದರೆ ಅಂಗಡಿಯ ಒಮಾನಿ ಒಡೆಯರು, ಹೇಳಿಬಿಟ್ಟಿದ್ದರು.

"ಮೈಯಳತೆ ತೆಗೀಲಿಕ್ಕೆ ಆಗುದಿಲ್ವಾ?" ಎಂದೆ.

"ಗಂಡಸರ ಕೈಯಲ್ಲಿ ಟೇಪ್ ಹಿಡಿಸಿಕೊಳ್ತಾರಾ ಅಮ್ಮ? ನಿನ್ನ ಸೊಸೆಗೆ ಬಟನ್ ಹಾಕ್ಲಿಕ್ಕೂ ಬರುದಿಲ್ಲ. ನೀನು ವಿಸಿಟ್ ವೀಸಾದವಳು, ಕೆಲಸ ಮಾಡುವ ಹಾಗಿಲ್ಲ."

"ನಲವತ್ತು ವರ್ಷ ಮೂಲ್ಕಿಯಲ್ಲಿ ರವಿಕೆ ಹೊಲಿದೆ. ಟೇಪ್ ಹಿಡಿಸಿಕೊಂಡವರು ಎಷ್ಟು ಜನ? ಸರಿ ಕೂರುವ ಹಳೇ ರವಿಕೆ ಒಂದು ಅಳತೆಗೆ ಕೊಟ್ಟು ಹೋಗುದು, ಅಷ್ಟೆ. ಇವರದ್ದೂ ಹಾಗೇ ಒಂದೊಂದು ಬಟ್ಟೆ ತರಿಸು ಮಾರಾಯ!"

ಸೊಸೆ ವಿನಯ ನಕ್ಕಳು. "ಸೈನ್ಯದ ಹತ್ರ ಅಳತೆ ರವಿಕೆ ಕೇಳುದಾ ಅತ್ತೆ?"

ಹರೀಶ ಹೆದರುತ್ತಲೇ ಕೇಳಿದ. ಎರಡು ದಿನ ಬಿಟ್ಟು ಆ ಹೆಂಗಸರ ತಂಡದ ಸಾರ್ಜೆಂಟ್ ಸಲ್ಮಾ ದೊಡ್ಡ ಗಂಟು ಹೊತ್ತು ಬಂದರು. ಒಂದೊಂದು ಬಟ್ಟೆಗೂ ಹೆಸರಿನ ಚೀಟಿ. "ನನ್ನ ತಾಯಿಯೂ ದರ್ಜಿಗೆ ಹೀಗೇ ಕೊಡುತ್ತಿದ್ದರು. ನಮಗೇ ಹೊಳೆಯಲಿಲ್ಲ," ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ ಹತ್ತು ದಿನ ಹೊಲಿಗೆ ಮಿಷನ್ ನಿಲ್ಲಲಿಲ್ಲ. ನಾನು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ ಬಾಯಿಯಲ್ಲಿ ಮಾತ್ರ ಹೊಲಿದೆ.

ಇವತ್ತು ಮಧ್ಯಾಹ್ನ ಸಲ್ಮಾ ಹೊಸ ಬಟ್ಟೆ ತೊಟ್ಟು ಕೈ ಎತ್ತಿದರು, ಬಗ್ಗಿದರು, ಕುಕ್ಕರಗಾಲಲ್ಲಿ ಕೂತರು.

"ಖಲಾಸ್, ಮುಗಿಯಿತು ಹರೀಶ್ ಭಾಯಿ. ಪಾಸ್! ಇನ್ನು ಮುಂದಿನವೂ ನಿಮಗೇ."

ನಾನು ಅವರ ಎರಡೂ ಕೈ ಹಿಡಿದುಕೊಂಡೆ. ನನ್ನ ಮಕ್ಕಳಿಗೆ ಅನ್ನ ಕೊಟ್ಟ ಈ ದೇಶದ ಹೊಟ್ಟೆ ತಣ್ಣಗಿರಲಿ, ಹೊರಟ ಹೆಣ್ಣುಮಕ್ಕಳು ಕ್ಷೇಮವಾಗಿ ಮರಳಲಿ.

ಊರಿಗೆ ಕಳಿಸಲೆಂದು ಪೆಟ್ಟಿಗೆಗೆ ತುಂಬಿದ್ದ ಸ್ಟೀಲ್ ತಟ್ಟೆಗಳನ್ನು ವಿನಯ ಸಂಜೆ ಹೊರತೆಗೆದು ತೊಳೆದಳು. ನಾಲ್ಕು ಜನವೂ ನೆಲದಲ್ಲಿ ಕೂತು ನೀರುದೋಸೆ, ಕೋಳಿ ಗಸಿ ಉಂಡೆವು. ಮೊಮ್ಮಗಳು "ಅಜ್ಜೀ, ಒನ್ ಮೋರ್!" ಎಂದಳು. ಅವಳ ಹಿಂದೆಯೇ ಹರೀಶನೂ ತಟ್ಟೆ ಮುಂದೆ ಹಿಡಿದ.