ಯಮನೂರನ ಮೂಲವ್ಯಾಧಿ

ಗೋವಾದ ವೆರ್ಣಾದ ಗುಳಿಗೆ ಕಾರ್ಖಾನೆಯಲ್ಲಿ ಯಮನೂರನ ಕೆಲಸ ತಪ್ಪು ಹುಡುಕುವುದು. ಒಡೆದ ಗುಳಿಗೆ ಕಂಡರೆ ಎತ್ತಿ ಬಿಸಾಡುತ್ತಾನೆ. ತನ್ನ ಮಲದಲ್ಲಿ ರಕ್ತ ಕಂಡಾಗ ಮಾತ್ರ ಎಂಟು ತಿಂಗಳು ಏನೂ ಕಾಣದವನಂತಿದ್ದ. ಯಾಕೆ ಸೊರಗಿದ್ದೀ ಎಂದು ಕಂಪನಿ ಬಸ್ಸಿನಲ್ಲಿ ಕೇಳಿದವರಿಗೆ, "ಮೂಲವ್ಯಾಧಿ ರೀ, ಖಾರ ಭಾಳ ತಿಂತೇನಿ" ಎನ್ನುತ್ತಿದ್ದ. ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಅದೇ ಮಾತು. ಅಂಥ ಜಾಗದ ಕ್ಯಾನ್ಸರನ್ನು ಹೇಳಿಕೊಳ್ಳುವುದಾದರೂ ಹೇಗೆ?

ಆಪರೇಷನ್ ಆಯಿತು. ಗಡ್ಡೆಯ ವರದಿ ಹಿಡಿದು ಡಾಕ್ಟರಮ್ಮ ಹೇಳಿದರು: "ಇದಕ್ಕೆ ಮೈಕ್ರೋಸ್ಯಾಟಲೈಟ್ ಅಸ್ಥಿರತೆ ಅಂತಾರೆ. ಜೀವಕೋಶ ತನ್ನ ನಕಲು ತೆಗೆಯುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿದೆ."

"ಒಳಗಿನ ಚೆಕಿಂಗ್ ಸೆಕ್ಷನ್ ರಜಾ ಹಾಕೇತಿ ಅನ್ರಿ."

ಡಾಕ್ಟರಮ್ಮ ನಗಲಿಲ್ಲ. "ಕೆಲವು ಸಲ ಇದು ಮನೆತನದಲ್ಲೇ ಬರುತ್ತದೆ. ಒಡಹುಟ್ಟಿದವರೂ ಕರುಳಿನ ಪರೀಕ್ಷೆ ಮಾಡಿಸಬೇಕು."

ಯಮನೂರನಿಗೆ ತಂಗಿಯ ನೆನಪಾಯಿತು. ತಂಗಿ ಸತ್ಯವ್ವ ಕಲಂಗುಟ್‌ನ ಹೋಟೆಲಿನಲ್ಲಿ ಚಾದರ ಒಗೆಯುವವಳು. ನಾಗರ ಪಂಚಮಿಗೆ ತವರಿಗೆಂದು ಅಣ್ಣನ ಖೋಲಿಗೆ ಬಂದಾಗ, ತನಗೂ ರಕ್ತ ಬೀಳುತ್ತದೆಂದು ಅತ್ತಿಗೆ ಶೈಲಾಳ ಕಿವಿಯಲ್ಲಿ ಹೇಳಿದ್ದಳು. ಅಣ್ಣತಂಗಿಯರು ಸೊಂಟದ ಕೆಳಗಿನ ಮಾತಾಡುವ ಪದ್ಧತಿ ಅವರಲ್ಲಿಲ್ಲ. ಅವನೂ ಶೈಲಾಳ ಬಾಯಲ್ಲೇ ಉತ್ತರ ಕಳಿಸಿದ್ದ: ನನಗಿರೋ ಮೂಲವ್ಯಾಧೀನ ಆಕಿಗೂ ಐತಿ, ಮಜ್ಜಿಗಿ ಕುಡೀಲಿ.

ಈ ಸಲ ತಾನೇ ಫೋನ್ ಮಾಡಿದ. "ಸತ್ಯವ್ವಾ, ನಂದು ಮೂಲವ್ಯಾಧಿ ಅಲ್ಲ, ಕರಳಿನ ಕ್ಯಾನ್ಸರ್. ನಿಂದೂ ತೋರಿಸಬೇಕು."

ಆ ಕಡೆ ಒಗೆಯುವ ಮಷಿನ್ ಗುರುಗುಟ್ಟುತ್ತಿತ್ತು. "ನಿನಗ ಯಾವಾಗ ಗೊತ್ತಾತು?"

ಆಪರೇಷನ್ ಆದಾಗ ಎನ್ನಬಹುದಿತ್ತು. "ಪಂಚಮಿಗಿಂತ ಮೊದಲ," ಎಂದ.

ಸತ್ಯವ್ವ ಬಯ್ಯಲಿಲ್ಲ. "ಶೈಲಾ ವೈನಿಗೆ ಫೋನ್ ಕೊಡು," ಎಂದಳು, "ಯಾವ ದವಾಖಾನಿ ಅಂತ ಆಕೀನ್ನ ಕೇಳತೇನಿ."