ಕೇಪುಳದ ಬುಡಕ್ಕೆ ಹಿಂಡಿ ನೀರು

ಶ್ರುತಿ, ನಿನ್ನ ಅಧ್ಯಯನ ಹಾಳಾದದ್ದು ನಿನ್ನಿಂದಲ್ಲ — ನನ್ನಿಂದ. ಗೊಬ್ಬರ ಬೀಳಬಾರದಿದ್ದ ಚೌಕಗಳಿಗೆ ಗೊಬ್ಬರ ಹಾಕಿದವಳು ನಾನು, ನಿನ್ನ ದೊಡ್ಡಮ್ಮ.

ಸುರತ್ಕಲ್ಲಿನ ನಮ್ಮ ಮನೆಯ ಹಿಂದೆ, ಮುರಕಲ್ಲಿನ ಗುಡ್ಡದಲ್ಲಿ ನೀನು ಕಾಲೇಜಿನ ಅಧ್ಯಯನಕ್ಕೆಂದು ಹಗ್ಗ ಕಟ್ಟಿ ಚೌಕಗಳನ್ನು ಮಾಡಿದ್ದೆ. ಎಲ್ಲದರಲ್ಲೂ ಅದೇ ಕೆಂಪು ಹೂವಿನ ಕೇಪುಳ, ಅದೇ ಕುಂಟಲ ಹಣ್ಣಿನ ಪೊದೆ. ಅರ್ಧದಷ್ಟಕ್ಕೆ ಗೊಬ್ಬರ, ಉಳಿದವಕ್ಕೆ ಏನೂ ಇಲ್ಲ. ಇವು ಬಡ ಮಣ್ಣಿಗೆ ಒಗ್ಗಿದ ಗಿಡಗಳು, ಸಾರ ಹೆಚ್ಚಾದರೆ ಹುಲ್ಲು ಎದ್ದು ಇವನ್ನೇ ಮುಚ್ಚಿಬಿಡುತ್ತದೆ ಎಂದು ತೋರಿಸಬೇಕೆಂಬುದು ನಿನ್ನ ಆಸೆ. ಪರೀಕ್ಷೆಗೆಂದು ಹಾಸ್ಟೆಲಿಗೆ ಹೊರಟಾಗ, "ದನ ಬಾರದ ಹಾಗೆ ನೋಡಿದ್ರೆ ಸಾಕು ದೊಡ್ಡಮ್ಮ, ಬೇರೆ ಎಂತ ಮಾಡುವುದೂ ಬೇಡ" ಎಂದಿದ್ದೆ.

ಬೇಡ ಎಂದದ್ದು ಕಿವಿಗೆ ಬಿದ್ದಿತ್ತು. ಆದರೆ ಮಲ್ಲಿಗೆ ಬೆಳೆಸಿದ ಕೈ ಇದು — ಎಲೆ ಹಳದಿಯಾದರೆ ಸುಮ್ಮನಿರಲು ಬರುವುದಿಲ್ಲ. ಟೆರೇಸಿನ ಮಲ್ಲಿಗೆಗೆಂದು ಕೊಳೆಸಿಟ್ಟ ನೆಲಗಡಲೆ ಹಿಂಡಿ, ಸೆಗಣಿಯ ನೀರು ಉಳಿದಾಗಲೆಲ್ಲ ಆ ಬಡಪಾಯಿ ಚೌಕಗಳಿಗೆ ಸುರಿದೆ. ಒಂದು ಪಂಕ್ತಿಗೆ ಬಡಿಸಿ ಇನ್ನೊಂದನ್ನು ಉಪವಾಸ ಕೂರಿಸುವುದು ಯಾವ ಸೀಮೆಯ ಓದು ಎಂದು ನಿನ್ನ ಮೇಲೆ ಸಿಟ್ಟೂ ಬಂದಿತ್ತು. ಮಳೆ ಬಿದ್ದ ಮೇಲೆ ಎಲ್ಲ ಚೌಕಗಳಲ್ಲೂ ಹುಲ್ಲು ಒಂದೇ ಸಮನೆ ಎದ್ದಿತು. ಕೇಪುಳ ಅದರೊಳಗೆ ಕಾಣದಾಯಿತು.

ಅಲ್ಲಿಯವರೆಗಿನದ್ದನ್ನು ತಿಳಿಯದೆ ಮಾಡಿದ್ದು ಎನ್ನಬಹುದಿತ್ತು. ಮುಂದಿನದ್ದನ್ನು ಹಾಗೆನ್ನಲಾರೆ.

ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ: "ಸರ್ ಹೇಳ್ತಾರೆ, ನಾನೇ ಮರೆತು ಎಲ್ಲ ಚೌಕಕ್ಕೂ ಗೊಬ್ಬರ ಹಾಕಿದ್ದೇನಂತೆ. ಹೌದಾ ದೊಡ್ಡಮ್ಮ? ನನಗೆ ನೆನಪೇ ಇಲ್ಲ."

"ಆಗಿರಬಹುದು ಮಗಾ," ಎಂದೆ. "ಎಲ್ಲರಿಗೂ ಆಗ್ತದೆ."

ನೀನು ಓದು ಬಿಟ್ಟೆ. ಫಳ್ನೀರಿನ ಕ್ಲಿನಿಕ್ಕೊಂದರಲ್ಲಿ ಟೋಕನ್ ಕೊಡುವ ಕೆಲಸ ಹಿಡಿದೆ. ಹೇಳಿಬಿಡಬೇಕೆಂದು ಎಷ್ಟೋ ಸಲ ನಿನ್ನ ಮನೆಗೆ ಬಂದು, ಚಾ ಕುಡಿದು, ಹಾಗೆಯೇ ವಾಪಸಾಗಿದ್ದೇನೆ. ನಾಚಿಕೆ, ಹೆದರಿಕೆ — ಎರಡೂ. ಹೇಳಿದರೆ ಹೋದ ವರ್ಷಗಳು ತಿರುಗಿ ಬರುವುದಿಲ್ಲ. ಹೇಳದಿದ್ದರೆ — ನನ್ನಿಂದ ಯಾವುದೂ ಆಗುತ್ತಿಲ್ಲ, ಶ್ರುತಿ.

ಮೊನ್ನೆ ಬಿಜೈಯ ನಿನ್ನ ಫ್ಲ್ಯಾಟಿನಿಂದ ಇಬ್ಬರೂ ಹೊರಟೆವು. ನೀನು ಬೀಗ ಹಾಕಿದೆ, ಎಳೆದು ನೋಡಿದೆ, ಮೆಟ್ಟಿಲಿಳಿದವಳು ಮತ್ತೆ ಹತ್ತಿ ಹೋಗಿ ಎಳೆದು ನೋಡಿದೆ. "ನನ್ನ ಕೈಯನ್ನು ನನಗೇ ನಂಬ್ಲಿಕ್ಕೆ ಆಗುದಿಲ್ಲ ದೊಡ್ಡಮ್ಮ. ನೀವು ನೋಡಿದ್ದೀರಲ್ಲ? ಬೀಗ ಬಿದ್ದದ್ದು ಹೌದಲ್ಲ?"

"ಹೌದು," ಎಂದೆ.

ನಾನು ಹೇಳಿದೆನೆಂದು ನೀನು ನಂಬಿದೆ. ನೆಮ್ಮದಿಯಿಂದ ಇಳಿದು ಬಂದೆ.